ಯೋಗಕ್ಕೆ ಹಾಡು ಹಾಕುವ ಮುನ್ನ ನಿಮ್ಮ ಉಸಿರು ಕೇಳಿಸಿಕೊಳ್ಳಿ

ಮೊದಲು ಒಂದು ಸಣ್ಣ ಪರೀಕ್ಷೆ. ನೀವು ದಿನಾ ಯೋಗ ಮಾಡುವಾಗ ಹಾಕಿಕೊಳ್ಳುವ ಹಾಡೋ, ಮಂತ್ರವೋ, ಕೊಳಲೋ, ಏನಿದೆಯೋ ಅದನ್ನು ಎಂದಿನಷ್ಟೇ ಸದ್ದಿನಲ್ಲಿ ಹಾಕಿ. ಎರಡು ಸುತ್ತು ಸೂರ್ಯನಮಸ್ಕಾರ ಮಾಡಿ. ಆಮೇಲೆ ನಿಂತು ಯೋಚಿಸಿ: ನಿಮ್ಮ ಉಸಿರಿನ ಸದ್ದು ನಿಮಗೆ ಕೇಳಿಸಿತಾ? ಎಲ್ಲಿ ಉಸಿರು ಹಿಡಿದುಕೊಂಡಿರಿ, ಎಲ್ಲಿ ಅವಸರದಲ್ಲಿ ಬಿಟ್ಟಿರಿ ಅಂತ ಗೊತ್ತಾಯಿತಾ? ಗೊತ್ತಾಗಲಿಲ್ಲ ಅಂದರೆ ಎರಡರಲ್ಲಿ ಒಂದು. ಸದ್ದು ಜಾಸ್ತಿಯಾಗಿದೆ, ಇಲ್ಲವೇ ಆ ಹಾಡು ಈ ಕೆಲಸಕ್ಕೆ ಆಗಿಬರುವುದಿಲ್ಲ.

ನಾನು ಇದನ್ನು ತಡವಾಗಿ ಕಲಿತೆ. ಮೂರು ವರ್ಷ ಒಂದೇ ಪ್ಲೇಲಿಸ್ಟ್ ಹಾಕಿಕೊಂಡು ಅಭ್ಯಾಸ ಮಾಡಿದೆ. ಒಂದು ದಿನ ಕರೆಂಟ್ ಹೋಯಿತು, ಫೋನಿನಲ್ಲೂ ಚಾರ್ಜ್ ಇರಲಿಲ್ಲ. ಸುಮ್ನೆ ಹಾಗೇ ಶುರು ಮಾಡಿದೆ. ಪಶ್ಚಿಮೋತ್ತಾನಾಸನದಲ್ಲಿ ಬಗ್ಗಿದಾಗಲೆಲ್ಲ ನಾನು ಉಸಿರೇ ಬಿಡುತ್ತಿರಲಿಲ್ಲ ಅನ್ನೋದು ಅವತ್ತು ಗೊತ್ತಾಯಿತು. ಮೂರು ವರ್ಷ ಅದು ಕೊಳಲಿನ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಹಾಗಂತ ಸಂಗೀತವೇ ಬೇಡ ಅಂತ ನಾನು ಹೇಳುವುದಿಲ್ಲ, ಈಗಲೂ ವಾರದಲ್ಲಿ ಮೂರ್ನಾಲ್ಕು ದಿನ ಹಾಕಿಕೊಳ್ಳುತ್ತೇನೆ. ಆದರೆ ಆರಿಸುವ ರೀತಿ ಬದಲಾಗಿದೆ.

ಯಾವ ಅಭ್ಯಾಸಕ್ಕೆ ಬೇಕು, ಯಾವುದಕ್ಕೆ ಬೇಡ

ಎಲ್ಲ ಯೋಗಕ್ಕೂ ಒಂದೇ ಪ್ಲೇಲಿಸ್ಟ್ ಹುಡುಕುವುದೇ ಮೊದಲ ತಪ್ಪು. ಅಷ್ಟಾಂಗ ವಿನ್ಯಾಸ ಪದ್ಧತಿಯಲ್ಲಿ ಸಂಗೀತ ಹಾಕುವುದಿಲ್ಲ. ಶುರುವಿನಲ್ಲಿ ಒಂದು ಶ್ಲೋಕ ಹೇಳುತ್ತಾರೆ, ಆಮೇಲೆ ಕೇಳಿಸುವುದು ಉಸಿರು ಮಾತ್ರ. ಅಲ್ಲಿ ಉಸಿರೇ ತಾಳ. ಅಯ್ಯಂಗಾರ್ ಪದ್ಧತಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ, ಯಾಕೆಂದರೆ ಹಿಮ್ಮಡಿ ಹೀಗಿಡಿ, ಮಂಡಿಚಿಪ್ಪು ಮೇಲೆತ್ತಿ, ಭುಜ ಹಿಂದೆ ಅಂತ ಗುರುಗಳು ಹೇಳುವ ಪ್ರತಿ ಮಾತೂ ಕಿವಿಗೆ ಬೀಳಬೇಕು. ಇಂಥ ಪದ್ಧತಿ ಕಲಿಯುತ್ತಿದ್ದರೆ ಈ ಲೇಖನದ ಅರ್ಧ ನಿಮಗೆ ಬೇಕಿಲ್ಲ, ಮಂತ್ರದ ಭಾಗಕ್ಕೆ ಹೋಗಿ.

ಪ್ರಾಣಾಯಾಮಕ್ಕೆ ಸಂಗೀತ ಬೇಡವೇ ಬೇಡ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನದಲ್ಲಿ ನಾಲ್ಕು ಎಣಿಸಿ ತೆಗೆದುಕೊಂಡು ಎಂಟು ಎಣಿಸಿ ಬಿಡುತ್ತಿರುತ್ತೀರಿ. ಪಕ್ಕದಲ್ಲಿ ತಬಲಾ ಬೇರೆ ಲೆಕ್ಕ ಹೇಳುತ್ತಿರುತ್ತದೆ. ತಲೆ ಯಾವುದನ್ನು ಕೇಳಬೇಕು? ದುಂಬಿಯ ಹಾಗೆ ಗುಂಯ್‌ಗುಟ್ಟುವ ಭ್ರಾಮರಿಗಂತೂ ನಿಮ್ಮ ಗಂಟಲೇ ವಾದ್ಯ. ಅಂದಹಾಗೆ, ಬಾಯಿ ಮುಚ್ಚಿ ಗುಂಯ್‌ಗುಟ್ಟುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ, ಸುಮ್ಮನೆ ಉಸಿರು ಬಿಡುವಾಗ ಬರುವುದಕ್ಕಿಂತ ಸುಮಾರು 15 ಪಟ್ಟು ಜಾಸ್ತಿ ಅಂತ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮೂಗಿನ ಪಕ್ಕದ ಸೈನಸ್ ಗೂಡುಗಳಲ್ಲಿರುವ ಗಾಳಿ ಆ ಕಂಪನಕ್ಕೆ ಅಲುಗಾಡಿ ಹೊರಬರುತ್ತದೆ, ಅದೇ ಕಾರಣ. ಅದಕ್ಕೆ ಹಿನ್ನೆಲೆ ಸಂಗೀತದ ಸಹಾಯ ಏನೂ ಬೇಕಿಲ್ಲ.

ಮಲಗಿ, ಹೇಳಿಕೊಟ್ಟ ಹಾಗೆ ಮೈ ಸಡಿಲಿಸುವ ಯೋಗನಿದ್ರೆಗೆ ಹೇಳಿಕೊಡುವವರ ದನಿ ಸಾಕು. ಸಂಗೀತ ಚೆನ್ನಾಗಿ ಕೂಡಿಬರುವುದು ಮೂರು ಕಡೆ: ಒಂದು ಆಸನದಿಂದ ಇನ್ನೊಂದಕ್ಕೆ ಹರಿಯುವ ವಿನ್ಯಾಸ (ಮೇಲೆ ಹೇಳಿದ ಅಷ್ಟಾಂಗ ಬಿಟ್ಟು), ಒಂದೊಂದು ಆಸನದಲ್ಲಿ ಮೂರರಿಂದ ಐದು ನಿಮಿಷ ಕೂರುವ ಯಿನ್ ಥರದ ನಿಧಾನದ ಅಭ್ಯಾಸ, ಮತ್ತೆ ಶವಾಸನ. ಶವಾಸನದ ವಿಷಯದಲ್ಲೂ ನನಗೆ ಅನುಮಾನ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ತಾಳ ಅನ್ನೋ ತೊಂದರೆ

ಸಂಗೀತದಲ್ಲಿ ಯೋಗಕ್ಕೆ ಮುಖ್ಯವಾದದ್ದು ರಾಗ ಅಲ್ಲ, ಲಯ. ಲೂಚಿಯಾನೊ ಬರ್ನಾರ್ಡಿ ಅನ್ನುವ ಇಟಲಿಯ ವೈದ್ಯರು ಮತ್ತು ಅವರ ಜೊತೆಗಾರರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 24 ಜನ, ಅರ್ಧ ಸಂಗೀತಗಾರರು, ಅರ್ಧ ಅಲ್ಲದವರು. ಬೇರೆ ಬೇರೆ ಥರದ ಸಂಗೀತ ಕೇಳಿಸಿ ಉಸಿರು, ಎದೆಬಡಿತ, ರಕ್ತದ ಒತ್ತಡ ಅಳೆದರು. ಲಯ ಜೋರಾದಷ್ಟೂ ಮೂರೂ ಏರಿದವು. ಜನರಿಗೆ ಆ ಸಂಗೀತ ಇಷ್ಟವೋ ಇಲ್ಲವೋ ಅನ್ನೋದಕ್ಕಿಂತ ಲಯವೇ ಜಾಸ್ತಿ ಕೆಲಸ ಮಾಡಿತು. ಇನ್ನೂ ಮಜವಾದದ್ದು ಬೇರೆ ಇದೆ. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದ್ದರು. ಆ ಮೌನದಲ್ಲಿ ಮೈ ಎಷ್ಟು ಸಡಿಲವಾಯಿತು ಅಂದರೆ, ಏನೂ ಕೇಳಿಸುವ ಮೊದಲು ಇದ್ದದ್ದಕ್ಕಿಂತಲೂ ಕೆಳಗಿಳಿಯಿತು.

ಈ ಮೌನದ ವಿಷಯ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಲೆಕ್ಕ. ನಿಮಿಷಕ್ಕೆ 60 ಪೆಟ್ಟಿನ ಸಂಗೀತ ಅಂದರೆ ಸೆಕೆಂಡಿಗೆ ಒಂದು ಪೆಟ್ಟು. ನಾಲ್ಕು ಪೆಟ್ಟಿಗೆ ಉಸಿರು ಒಳಗೆ, ನಾಲ್ಕು ಪೆಟ್ಟಿಗೆ ಹೊರಗೆ ಅಂದರೆ ನಿಮಿಷಕ್ಕೆ ಏಳೂವರೆ ಉಸಿರು. ಸೂರ್ಯನಮಸ್ಕಾರಕ್ಕೆ ಇದು ಒಳ್ಳೆಯ ನಿಧಾನ ಗತಿ. ಹೊಸಬರಿಗೆ ಕಷ್ಟವಾದರೆ 75 ಅಥವಾ 80ರವರೆಗೂ ಹೋಗಬಹುದು. 100 ದಾಟಿದರೆ ಅದು ವ್ಯಾಯಾಮದ ಹಾಡು. ಮಾಡಬಾರದು ಅಂತಲ್ಲ, ಆದರೆ ಉಸಿರನ್ನು ಉದ್ದ ಮಾಡಬೇಕು ಅಂತ ಹೊರಟವರು ಅದನ್ನು ಅಟ್ಟಿಸಿಕೊಂಡು ಹೋಗುವ ಹಾಡು ಹಾಕಿದರೆ ಹೇಗೆ?

ತಾಳದಲ್ಲೂ ಒಂದು ಕಿತಾಪತಿ ಇದೆ. ಆದಿತಾಳ ಎಂಟು ಅಕ್ಷರ, ನಾಲ್ಕು ಮತ್ತು ನಾಲ್ಕಾಗಿ ಮುರಿದುಕೊಳ್ಳುತ್ತದೆ, ಹಾಗಾಗಿ ಒಳಗೆ ಹೊರಗೆ ಸಮ ಇರುವ ಉಸಿರಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ತೀನ್‌ತಾಲ್‌ನ ಹದಿನಾರೂ ಹಾಗೆಯೇ. ಮಿಶ್ರಛಾಪು ಮೂರು ಮತ್ತು ನಾಲ್ಕು. ಮೊದಲ ಸಲ ಕೇಳಿದಾಗ ಇದು ಕಾಲಿಗೆ ತೊಡರುತ್ತದೆ ಅನಿಸಿತ್ತು ನನಗೆ, ಆದರೆ ಮೂರಕ್ಕೆ ತೆಗೆದುಕೊಂಡು ನಾಲ್ಕಕ್ಕೆ ಬಿಟ್ಟು ನೋಡಿ, ಬಿಡುವ ಉಸಿರು ತಾನಾಗಿಯೇ ಸ್ವಲ್ಪ ಉದ್ದವಾಗುತ್ತದೆ. ಖಂಡಛಾಪಿನ ಐದು ಮಾತ್ರ ನನ್ನ ಕೈಲಿ ಆಗಲಿಲ್ಲ.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರಿಗೆ ಸುಲಭದ ದಾರಿ ಆಲಾಪನೆ. ಅದರಲ್ಲಿ ತಾಳವೇ ಇಲ್ಲ. ಹಾಡುವವರೂ ತಮ್ಮ ಉಸಿರಿಗೆ ತಕ್ಕಂತೆ ಹಾಡುತ್ತಾರೆ, ನೀವೂ ನಿಮ್ಮ ಉಸಿರಿಗೆ ತಕ್ಕಂತೆ ಮಾಡಬಹುದು, ಒಬ್ಬರನ್ನೊಬ್ಬರು ಎಳೆದಾಡುವುದಿಲ್ಲ. ಆದರೆ ಇಲ್ಲೊಂದು ಹಳ್ಳ ಇದೆ, ನಾನು ಬಿದ್ದಿದ್ದೇನೆ. ಹಿಂದೂಸ್ತಾನಿ ವಾದ್ಯ ಸಂಗೀತದ ಉದ್ದನೆಯ ರೆಕಾರ್ಡಿಂಗು ಆಲಾಪದಿಂದ ಶುರುವಾಗಿ, ಲಯ ಸೇರಿಕೊಳ್ಳುವ ಜೋಡ್ ಮುಗಿಸಿ, ತುಂಬ ವೇಗದ ಝಾಲಾ ತಲುಪುತ್ತದೆ. ಮೊದಲು ಕೆರೆಯ ನೀರಿನ ಹಾಗಿದ್ದದ್ದು ಕೊನೆಗೆ ಜಲಪಾತ. ನಿಮ್ಮ ಅಭ್ಯಾಸ ಇದರ ತಿರುಗಾಮುರುಗ, ಕೊನೆಗೆ ನೀವು ಮಲಗಿರುತ್ತೀರಿ. ನೀವು ಶವಾಸನದಲ್ಲಿ, ಸಿತಾರ್ ಝಾಲಾದಲ್ಲಿ! ಹಾಗಾಗಿ ಯಾವ ಟ್ರ್ಯಾಕ್ ಆರಿಸಿದರೂ ಮೊದಲ ಎರಡು ನಿಮಿಷ ಕೇಳಿ ಒಪ್ಪಬೇಡಿ. ಕೊನೆಯ ಐದು ನಿಮಿಷ ಕೇಳಿ.

ರಾಗ, ವಾದ್ಯ, ಮತ್ತೆ ಆ ಹರ್ಟ್ಸ್ ಕಥೆ

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತುಮಾಡಿದ್ದಾರೆ. ಬೆಳಗ್ಗೆಗೆ ಭೈರವ್, ಅಹೀರ್ ಭೈರವ್, ತೋಡಿ. ಸಂಜೆಗೆ ಯಮನ್, ಭೂಪಾಲಿ. ರಾತ್ರಿ ತಡವಾಗಿ ಮಾಲ್‌ಕೌಂಸ್, ದರ್ಬಾರಿ. ಕರ್ನಾಟಕ ಪದ್ಧತಿಯಲ್ಲಿ ಬೆಳಗ್ಗೆಗೆ ಭೂಪಾಳ, ಬೌಳಿ, ಮಲಗುವ ಹೊತ್ತಿಗೆ ನೀಲಾಂಬರಿ. ಇವುಗಳಲ್ಲಿ ಭೂಪಾಲಿ ಮತ್ತು ಮಾಲ್‌ಕೌಂಸ್ ಐದೇ ಸ್ವರದ ರಾಗಗಳು, ನಮ್ಮ ಮೋಹನ ಮತ್ತು ಹಿಂದೋಳಕ್ಕೆ ಹತ್ತಿರ. ಸ್ವರ ಕಡಿಮೆ ಇರುವುದಕ್ಕೋ ಏನೋ, ಅಭ್ಯಾಸದ ನಡುವೆ ಗಮನ ಅಷ್ಟು ಕದಿಯುವುದಿಲ್ಲ. ಇದು ನನ್ನ ಅನುಭವ, ಶಾಸ್ತ್ರ ಅಲ್ಲ. ಬೆಳಗ್ಗೆ ಆರಕ್ಕೆ ಯಮನ್ ಹಾಕಿದರೆ ಯಾರೂ ದಂಡ ಹಾಕುವುದಿಲ್ಲ. ಆದರೆ ದಿನಾ ಒಂದೇ ಹೊತ್ತಿಗೆ ಒಂದೇ ರಾಗ ಕೇಳಿದರೆ ಕೆಲವು ವಾರದಲ್ಲಿ ಮೈಗೆ ಅದು ರೂಢಿಯಾಗುತ್ತದೆ. ಮೊದಲ ಸ್ವರ ಬಿದ್ದ ಕೂಡಲೇ ಭುಜ ಇಳಿಯುತ್ತದೆ.

ಒಂದೇ ಒಂದು ವಾದ್ಯ ಆರಿಸಿ ಅಂದರೆ ನಾನು ತಂಬೂರಿ ಅನ್ನುತ್ತೇನೆ. ನಾಲ್ಕು ತಂತಿ, ಪ ಸ ಸ ಸ. ಕಥೆ ಇಲ್ಲ, ಏರಿಳಿತ ಇಲ್ಲ, ಮುಂದೇನು ಅನ್ನೋ ಕುತೂಹಲ ಇಲ್ಲ. ಸುಮ್ಮನೆ ಒಂದು ನೆಲ ಹಾಸಿದ ಹಾಗೆ ಇರುತ್ತದೆ. ತಂಬೂರಿ ಸದ್ದು ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಯಿನ್ ಥರದ ಅಭ್ಯಾಸಕ್ಕಂತೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಾನ್ಸುರಿ, ವೀಣೆ, ಸಂತೂರ್ ಎಲ್ಲ ಚೆನ್ನ. ಟಿಬೆಟಿನ ಬಟ್ಟಲುಗಳ ಸದ್ದು ಎರಡು ನಿಮಿಷ ಚೆನ್ನ, ಅರ್ಧ ಗಂಟೆ ಕೇಳಿದರೆ ನನಗೆ ಹಲ್ಲು ಜುಮ್ ಅನ್ನುತ್ತದೆ. ಹಕ್ಕಿ, ಮಳೆ, ಅಲೆಯ ಸದ್ದೂ ಪರವಾಗಿಲ್ಲ, ಅದರಲ್ಲಿ ಒಂದೇ ಹಕ್ಕಿ ಹತ್ತು ಸೆಕೆಂಡಿಗೊಮ್ಮೆ ಅದೇ ಜಾಗದಲ್ಲಿ ಕೂಗದಿದ್ದರೆ. ಒಮ್ಮೆ ಅದು ಗಮನಕ್ಕೆ ಬಂತೆಂದರೆ ಆಮೇಲೆ ಅದನ್ನೇ ಕಾಯುತ್ತಾ ಕೂರುತ್ತೀರಿ.

ಸಾಹಿತ್ಯ ಇರುವ ಹಾಡು ಬೇಡ. ಅರ್ಥವಾಗುವ ಭಾಷೆಯ ಮಾತು ಕಿವಿಗೆ ಬಿದ್ದರೆ ಮನಸ್ಸು ಅದರ ಹಿಂದೆ ಹೋಗದೆ ಇರುವುದಿಲ್ಲ. ಪರಿಚಯದ ಸಿನಿಮಾ ಹಾಡಿನ ಧಾಟಿಯನ್ನು ಕೊಳಲಿನಲ್ಲಿ ನುಡಿಸಿದ್ದರೂ ಅಷ್ಟೇ, ಬಾಯಿ ಒಳಗೊಳಗೇ ಹಾಡತೊಡಗುತ್ತದೆ.

ಇನ್ನು 432 ಹರ್ಟ್ಸ್, 528 ಹರ್ಟ್ಸ್ ಅಂತ ಹೆಸರಿಟ್ಟ ವಿಡಿಯೋಗಳು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ. ವಿಶ್ವದ ಕಂಪನ, ಜೀವಕೋಶ ರಿಪೇರಿ, ಇನ್ನೂ ಏನೇನೋ. ಇದಕ್ಕೆಲ್ಲ ಗಟ್ಟಿ ಆಧಾರ ಇಲ್ಲ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಇಷ್ಟೇ ಹರ್ಟ್ಸ್ ಅಂತ ಯಾರೂ ಗೆರೆ ಎಳೆದಿಲ್ಲ ಅಲ್ವಾ, ಹಾಡುವವರ ಕಂಠಕ್ಕೆ ಎಲ್ಲಿ ಹೊಂದುತ್ತದೋ ಅಲ್ಲಿ ಸ. ಮುಖ್ಯವಾದದ್ದು ಸ್ವರಗಳ ನಡುವಿನ ಅಂತರ. ಆ ವಿಡಿಯೋ ಕೇಳಲು ಹಿತವಾಗಿದ್ದರೆ ಕೇಳಿ, ಅಷ್ಟೇ. ಬೈನಾರಲ್ ಬೀಟ್ಸ್ ಅಂತ ಇನ್ನೊಂದು ಇದೆ. ಎರಡು ಕಿವಿಗೆ ಬೇರೆ ಬೇರೆ ಕಂಪನ ಹೋಗಬೇಕು, ಹಾಗಾಗಿ ಅದಕ್ಕೆ ಇಯರ್‌ಫೋನ್ ಬೇಕೇ ಬೇಕು. ಸ್ಪೀಕರಿನಲ್ಲಿ ಹಾಕಿಕೊಂಡರೆ ಅದು ಆ ಕೆಲಸವನ್ನೇ ಮಾಡುವುದಿಲ್ಲ.

ಮಂತ್ರ: ಹಿನ್ನೆಲೆಗೆ ಹಾಕುವ ವಸ್ತು ಅಲ್ಲ

ಇದನ್ನು ಒಪ್ಪದವರು ಇದ್ದೀರಿ ಅಂತ ಗೊತ್ತು. ಆದರೂ ಹೇಳುತ್ತೇನೆ. ಮಂತ್ರದ ರೆಕಾರ್ಡಿಂಗನ್ನು ಹಿನ್ನೆಲೆಯಲ್ಲಿ ಓಡಿಸಿಕೊಂಡು ಆಸನ ಮಾಡುವುದಕ್ಕಿಂತ, ಅಭ್ಯಾಸದ ಮೊದಲು ಎರಡು ನಿಮಿಷ ಕೂತು ನೀವೇ ಹೇಳುವುದು ಎಷ್ಟೋ ಮೇಲು. ಕೇಳುವ ಮಂತ್ರ ಸಂಗೀತದ ಥರ ಕೆಲಸ ಮಾಡುತ್ತದೆ. ಹೇಳುವ ಮಂತ್ರ ಉಸಿರಿನ ಥರ ಕೆಲಸ ಮಾಡುತ್ತದೆ. ಮಂತ್ರ ಹೇಳಬೇಕಾದರೆ ಉಸಿರು ಬಿಡಲೇಬೇಕು, ಉದ್ದ ಹೇಳಬೇಕಾದರೆ ಉದ್ದ ಬಿಡಲೇಬೇಕು. ಅದೇ ಬರ್ನಾರ್ಡಿ ಅವರ ತಂಡ 2001ರಲ್ಲಿ ಇದನ್ನೂ ನೋಡಿತ್ತು. ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಹೇಳಿದಾಗಲೂ, ಬೌದ್ಧರ 'ಓಂ ಮಣಿ ಪದ್ಮೇ' ಮಂತ್ರ ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಎರಡು ಧರ್ಮ, ಎರಡು ಭಾಷೆ, ಉಸಿರಿನ ಲೆಕ್ಕ ಒಂದೇ. ಗಡಿಯಾರ ಇಲ್ಲದ ಕಾಲದಲ್ಲಿ ಪ್ರಾಣಾಯಾಮಕ್ಕೆ ಗಾಯತ್ರಿಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದವರಿಗೆ ಇದು ಹೊಸ ವಿಷಯವೇನಲ್ಲ.

ಯಾವುದರಿಂದ ಶುರು ಮಾಡುವುದು? ಓಂ. ಪತಂಜಲಿ ಯೋಗಸೂತ್ರದ ಮೊದಲ ಪಾದದ 27 ಮತ್ತು 28ನೇ ಸೂತ್ರ ಇದರ ಬಗ್ಗೆಯೇ: ಈಶ್ವರನನ್ನು ಸೂಚಿಸುವುದು ಪ್ರಣವ, ಅಂದರೆ ಓಂ, ಅದರ ಜಪ ಮತ್ತು ಅದರ ಅರ್ಥವನ್ನು ಭಾವಿಸುವುದು. ಜಪ ಒಂದೇ ಅಲ್ಲ, ಅರ್ಥವೂ ಬೇಕು ಅಂತ ಅಲ್ಲೇ ಹೇಳಿಬಿಟ್ಟಿದ್ದಾರೆ. ಮಾಂಡೂಕ್ಯ ಉಪನಿಷತ್ತಿನಲ್ಲಿ ಇರುವುದು ಬರೀ 12 ಮಂತ್ರ, ಪೂರ್ತಿ ಓಂಕಾರದ ಮೇಲೆ. ಅ, ಉ, ಮ, ಇವು ಮೂರಾದ ಮೇಲೆ ನಾಲ್ಕನೆಯದು ಒಂದಿದೆ, ಅದಕ್ಕೆ ಮಾತ್ರೆಯೇ ಇಲ್ಲ, ಅದು ಸದ್ದಿಲ್ಲದ್ದು. ಆದ್ದರಿಂದ ಓಂ ಹೇಳಿದ ಮೇಲೆ ತಕ್ಷಣ ಇನ್ನೊಂದು ಓಂಗೆ ಹಾರಬೇಡಿ. ತುಟಿ ಮುಚ್ಚಿದ ಮೇಲೆ ಗುಂಯ್ ಅನ್ನೋದು ಮುಗಿಯಲಿ, ಆಮೇಲಿನ ಮೌನವನ್ನೂ ಕೇಳಿ, ಒಂದು ಉಸಿರು ಬಂದು ಹೋಗಲಿ, ಆಮೇಲೆ ಮುಂದಿನದು. ಮೂರು ಓಂ ಸಾಕು. ಹೀಗೆ ಹೇಳಿದರೆ ಮೂರಕ್ಕೆ ಒಂದು ನಿಮಿಷದ ಮೇಲೆ ಹಿಡಿಯುತ್ತದೆ.

ಹೇಳುವ ಶ್ರುತಿ, ಅಂದರೆ ಆಧಾರವಾಗಿ ಹಿಡಿಯುವ ಸ, ನಿಮ್ಮದಾಗಿರಲಿ. ಅದರ ಸಂಖ್ಯೆ ಏರಿದಷ್ಟೂ ಸ್ವರ ಎತ್ತರ. ಸಾಮಾನ್ಯವಾಗಿ ಗಂಡಸರು ಒಂದರಿಂದ ಎರಡನೇ ಶ್ರುತಿ, ಹೆಂಗಸರು ಐದು, ಐದೂವರೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ. ರೆಕಾರ್ಡಿಂಗಿನಲ್ಲಿ ಯಾರೋ ತಮ್ಮ ಕಂಠಕ್ಕೆ ತಕ್ಕ ಹಾಗೆ ಹೇಳಿದ್ದನ್ನು ನೀವು ಗಂಟಲು ಹರಿದುಕೊಂಡು ಹಿಂಬಾಲಿಸಬೇಕಿಲ್ಲ. ಬಾಯಿ ಮುಚ್ಚಿ ಸಹಜವಾಗಿ ಹೂಂ ಅನ್ನಿ, ಆ ಸ್ವರವೇ ನಿಮ್ಮದು. ತಂಬೂರಿ ಆ್ಯಪನ್ನು ಅದಕ್ಕೆ ಕೂಡಿಸಿಕೊಳ್ಳಿ.

ಸೂರ್ಯನಮಸ್ಕಾರಕ್ಕೆ ಹನ್ನೆರಡು ಹೆಸರುಗಳಿವೆ: ಮಿತ್ರಾಯ, ರವಯೇ, ಸೂರ್ಯಾಯ, ಭಾನವೇ, ಖಗಾಯ, ಪೂಷ್ಣೇ, ಹಿರಣ್ಯಗರ್ಭಾಯ, ಮರೀಚಯೇ, ಆದಿತ್ಯಾಯ, ಸವಿತ್ರೇ, ಅರ್ಕಾಯ, ಭಾಸ್ಕರಾಯ. ಮುಂದೆ ಓಂ, ಹಿಂದೆ ನಮಃ. ಇದನ್ನು ಎಲ್ಲಿ ಹೇಳಬೇಕು ಅನ್ನೋದರಲ್ಲಿ ಜನ ಎಡವುತ್ತಾರೆ. ಬಗ್ಗಿ, ಹೊಟ್ಟೆ ಒತ್ತಿಹೋಗಿರುವಾಗ ಹಿರಣ್ಯಗರ್ಭಾಯ ಅಂದರೆ ಉಸಿರು ಎಲ್ಲಿಂದ ಬರಬೇಕು? ಕೈಮುಗಿದು ನೇರ ನಿಂತಿರುವಾಗ ಒಂದು ಹೆಸರು ಹೇಳಿ, ಆ ಸುತ್ತನ್ನು ಮೌನವಾಗಿ ಮುಗಿಸಿ, ಮತ್ತೆ ನಿಂತಾಗ ಮುಂದಿನ ಹೆಸರು. ಹನ್ನೆರಡು ಹೆಸರು, ಹನ್ನೆರಡು ಸುತ್ತು. ಲೆಕ್ಕ ಇಡುವ ಗೋಜೂ ಇಲ್ಲ, ಅದೇ ಇದರ ದೊಡ್ಡ ಲಾಭ ಅನಿಸುತ್ತದೆ ನನಗೆ. ಅರ್ಥವೂ ಸುಲಭ: ಮಿತ್ರ ಅಂದರೆ ಸ್ನೇಹಿತ, ಖಗ ಅಂದರೆ ಆಕಾಶದಲ್ಲಿ ಚಲಿಸುವವನು, ಪೂಷ ಅಂದರೆ ಪೋಷಿಸುವವನು, ಮರೀಚಿ ಅಂದರೆ ಕಿರಣ.

ಇನ್ನು ಶುರುವಿಗೆ ಶಾಂತಿಮಂತ್ರ ಬೇಕು ಅಂದರೆ 'ಸಹನಾವವತು'. ತುಂಬ ಜನ ಇದನ್ನು 'ಸಹನಾ' ಅಂತ ಒಂದು ಪದ, 'ವವತು' ಅಂತ ಇನ್ನೊಂದು ಪದ ಅಂದುಕೊಂಡಿದ್ದಾರೆ. ನಾನೂ ಬಹಳ ಕಾಲ ಇದು ಸಹನೆಗೆ ಸಂಬಂಧಪಟ್ಟ ಮಂತ್ರ ಅಂತಲೇ ತಿಳಿದಿದ್ದೆ! ಅದು ಸಹ, ನೌ, ಅವತು. ನೌ ಅಂದರೆ 'ನಮ್ಮಿಬ್ಬರನ್ನು', ಸಂಸ್ಕೃತದ ದ್ವಿವಚನ. ಕಲಿಸುವವರು ಮತ್ತು ಕಲಿಯುವವರು ಇಬ್ಬರನ್ನೂ ಒಟ್ಟಿಗೆ ಕಾಪಾಡಲಿ, ಇಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸದೆ ಇರೋಣ ಅಂತ. ಗುರುಗಳ ಎದುರು ಕೂತು ಹೇಳಲು ಇದಕ್ಕಿಂತ ಒಪ್ಪುವುದು ಇಲ್ಲ. ಒಬ್ಬರೇ ಮಾಡುವವರಿಗೆ ಬೃಹದಾರಣ್ಯಕದ 'ಅಸತೋ ಮಾ ಸದ್ಗಮಯ' ಹೆಚ್ಚು ಹೊಂದುತ್ತದೆ, ಅಲ್ಲಿ 'ಮಾ' ಅಂದರೆ 'ನನ್ನನ್ನು'.

ಗಾಯತ್ರಿ ಋಗ್ವೇದದ ಮೂರನೇ ಮಂಡಲದ್ದು, 62ನೇ ಸೂಕ್ತ, 10ನೇ ಋಕ್ಕು. 'ಓಂ ಭೂರ್ಭುವಃ ಸ್ವಃ' ಆ ಋಕ್ಕಿನ ಭಾಗ ಅಲ್ಲ, ಮುಂದೆ ಸೇರಿಸಿ ಹೇಳುವುದು. ಎಂಟೆಂಟು ಅಕ್ಷರದ ಮೂರು ಪಾದ. ಒಂದು ಪಾದಕ್ಕೆ ಒಂದು ಉಸಿರು ಅಂತ ಹೇಳಿ ಅಭ್ಯಾಸ ಮಾಡಿ, ಓಡಬೇಡಿ. ಮೃತ್ಯುಂಜಯ ಮಂತ್ರ ಏಳನೇ ಮಂಡಲದ 59ನೇ ಸೂಕ್ತದ 12ನೆಯದು, ಎಂಟೆಂಟರ ನಾಲ್ಕು ಪಾದ. ಹಣ್ಣಾದ ಸೌತೆ ತೊಟ್ಟಿನಿಂದ ಕಳಚಿಕೊಳ್ಳುವ ಹಾಗೆ ಸಾವಿನಿಂದ ಬಿಡುಗಡೆಯಾಗಲಿ, ಅಮೃತದಿಂದ ಬೇಡ ಅನ್ನುವುದು ಅದರ ಕೋರಿಕೆ. ಕೊನೆಯ 'ಮಾಮೃತಾತ್' ಅನ್ನುವುದು ಮಾ ಮತ್ತು ಅಮೃತಾತ್ ಕೂಡಿದ್ದು, ಇಲ್ಲಿ 'ಮಾ' ಅಂದರೆ 'ಬೇಡ'. ಅಸತೋ ಮಾ ಅನ್ನುವಾಗ ಅದೇ 'ಮಾ'ಗೆ ಅರ್ಥ ಬೇರೆ ನೋಡಿ. 'ಮಾ ಮೃತಾತ್' ಅಂತ ನಡುವೆ ಉಸಿರು ಎಳೆದು ಒಡೆದರೆ ಅಮೃತದ ಅಕಾರವೇ ಬಿದ್ದುಹೋಗಿ ಅರ್ಥ ಕೆಡುತ್ತದೆ. ಶವಾಸನದಿಂದ ಎದ್ದು ಕೂತ ಮೇಲೆ ಹೇಳಲು ನನಗೆ ಇದು ತುಂಬ ಇಷ್ಟ.

ಉಚ್ಚಾರಣೆ ಬಗ್ಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು? ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆರು ಅಂಶ ಪಟ್ಟಿ ಮಾಡಿದ್ದಾರೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ಅಕ್ಷರ, ಅದರ ಏರಿಳಿತ, ಉದ್ದ, ಒತ್ತು, ಸಮವಾದ ಗತಿ, ಕೂಡಿಸುವಿಕೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಯೋಗ ಮಾಡುವವರು ಅಕ್ಷರ ಮತ್ತು ಮಾತ್ರೆ ಎರಡನ್ನು ಸರಿ ಮಾಡಿಕೊಂಡರೆ ಸದ್ಯಕ್ಕೆ ಸಾಕು. ನಾವು ಕನ್ನಡದವರು ಓದುವಾಗ ಎಡವದ ಅಕ್ಷರಗಳನ್ನು ಮಾತಿನಲ್ಲಿ ನುಂಗುತ್ತೇವೆ. ಮಹಾಪ್ರಾಣ ಮೊದಲ ಬಲಿ, 'ಧೀಮಹಿ' ಹೋಗಿ 'ದೀಮಹಿ', 'ಭರ್ಗೋ' ಹೋಗಿ 'ಬರ್ಗೋ'. ನಿಮ್ಮ ದನಿಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಮೊದಲ ಸಲ ಮುಜುಗರ ಆಗುತ್ತದೆ, ಆಗಲಿ. ವೇದದ ಮಂತ್ರಗಳಿಗೆ ಉದಾತ್ತ, ಅನುದಾತ್ತ, ಸ್ವರಿತ ಅಂತ ಏರಿಳಿತ ಇದೆ, ಅದನ್ನು ಬಲ್ಲವರ ಬಾಯಿಂದಲೇ ಕಲಿಯಬೇಕು. ಹಾಡಿನ ಧಾಟಿ ಹಾಕಿ, ಡ್ರಮ್ಸ್ ಸೇರಿಸಿ ಮಾಡಿದ ರೆಕಾರ್ಡಿಂಗಿನಿಂದ ಕಲಿಯಬೇಡಿ, ಅಲ್ಲಿ ಮಾತ್ರೆಯೇ ಹಾಡಿಗೆ ತಕ್ಕ ಹಾಗೆ ಹಿಗ್ಗಿರುತ್ತದೆ. ಒಂದೇ ಅಕ್ಷರದ ಬೀಜಮಂತ್ರಗಳನ್ನು ಹಲವು ಪರಂಪರೆಗಳಲ್ಲಿ ಗುರುಗಳಿಂದ ಪಡೆದೇ ಜಪಿಸುತ್ತಾರೆ, ಅಲ್ಲಿಯ ಮರ್ಯಾದೆ ಅಲ್ಲಿಗೆ ಬಿಡಿ.

ಮಂತ್ರ ಹೇಳಲು ಮನಸ್ಸೇ ಇಲ್ಲದವರಿಗೆ ಒಂದು ದಾರಿ ಇದೆ. ಉಸಿರೇ ದಿನವಿಡೀ ಜಪ ಮಾಡುತ್ತಿದೆ ಅನ್ನುತ್ತವೆ ಹಠಯೋಗದ ಗ್ರಂಥಗಳು. ಘೇರಂಡ ಸಂಹಿತೆಯ ಪ್ರಕಾರ ಹೊರಹೋಗುವಾಗ ಹಂ, ಒಳಬರುವಾಗ ಸಃ. ದಿನಕ್ಕೆ 21,600 ಸಲ, ಅಂದರೆ ನಿಮಿಷಕ್ಕೆ 15. ಇದಕ್ಕೆ ಅಜಪಾ ಅನ್ನುತ್ತಾರೆ, ಜಪಿಸದ ಜಪ. ಇದನ್ನೇ ಸೋಹಂ ಅಂತ ತಿರುಗಿಸಿ, ಒಳಗೆ ಸೋ, ಹೊರಗೆ ಹಂ ಅಂತಲೂ ಹೇಳಿಕೊಡುತ್ತಾರೆ. ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ. ಅದೂ ಬೇಡವಾದರೆ ಉಸಿರನ್ನು ಎಣಿಸಿ, ಇಲ್ಲವೇ ಸುಮ್ನೆ ಹೂಂಗುಟ್ಟಿ. ನೀವು ಕಲಿಸುವವರಾಗಿದ್ದರೆ ಇದನ್ನು ನೆನಪಿಡಿ. ಕೂತವರೆಲ್ಲ ಒಂದೇ ನಂಬಿಕೆಯವರಾಗಿರುವುದಿಲ್ಲ. 'ಹೇಳುವವರು ಹೇಳಿ, ಉಳಿದವರು ಉಸಿರು ಕೇಳಿ' ಅಂದರೆ ಯಾರಿಗೂ ಇರುಸುಮುರುಸಾಗುವುದಿಲ್ಲ.

ಒಂದು ಗಂಟೆಗೆ ಹೇಗೆ ಜೋಡಿಸುವುದು

ನನ್ನದು ಹೀಗಿದೆ. ಮೊದಲ ಐದು ನಿಮಿಷ ಸಂಗೀತ ಇಲ್ಲ. ಕೂರುವುದು, ಮೂರು ಓಂ, ಒಂದು ಮಂತ್ರ. ಆಮೇಲೆ ಮೈ ಸಡಿಲಿಸುವ ಹತ್ತು ನಿಮಿಷ ತಂಬೂರಿ. ಸೂರ್ಯನಮಸ್ಕಾರ ಮತ್ತು ನಿಂತು ಮಾಡುವ ಆಸನಗಳ ಇಪ್ಪತ್ತೈದು ನಿಮಿಷಕ್ಕೆ ತಾಳ ಇರುವ, ಆದರೆ 80 ದಾಟದ ಒಂದೋ ಎರಡೋ ಉದ್ದನೆಯ ಟ್ರ್ಯಾಕ್. ಮೂರು ಮೂರು ನಿಮಿಷದ ತುಣುಕುಗಳನ್ನು ಹಾಕಬೇಡಿ, ಪ್ರತಿ ಸಲ ಹಾಡು ಬದಲಾದಾಗ ಗಮನ ಒಮ್ಮೆ ಜಿಗಿಯುತ್ತದೆ. ಕೂತು ಮಾಡುವ ಆಸನಗಳಿಗೆ ಆಲಾಪ. ಅದು ತಾನಾಗಿ ಮೆಲ್ಲಗೆ ಕರಗುವ ಹಾಗೆ ಫೇಡ್ ಇಟ್ಟುಕೊಂಡಿರುತ್ತೇನೆ. ಶವಾಸನದ ಮೊದಲ ಎರಡು ಮೂರು ನಿಮಿಷ ಅದರ ಬಾಲ ಇರುತ್ತದೆ, ಆಮೇಲೆ ಏನೂ ಇಲ್ಲ. ಮೊದಲು ಹೇಳಿದ ಆ ಎರಡು ನಿಮಿಷದ ಮೌನ ಇಲ್ಲಿಗೆ ಬಂತು ನೋಡಿ. ಪೂರ್ತಿ ಶವಾಸನಕ್ಕೆ ಸಂಗೀತ ತುಂಬಿದರೆ ಆ ಇಳಿಜಾರು ಸಿಗುವುದಿಲ್ಲ, ಮೊದಲಿಂದಲೂ ಏನೂ ಇಲ್ಲದಿದ್ದರೂ ಅಷ್ಟು ತಿಳಿಯುವುದಿಲ್ಲ. ಇದ್ದು, ನಿಲ್ಲಬೇಕು.

ಹಠಯೋಗ ಪ್ರದೀಪಿಕೆಯ ನಾಲ್ಕನೇ ಅಧ್ಯಾಯದಲ್ಲಿ ನಾದಾನುಸಂಧಾನ ಅಂತ ಒಂದು ಭಾಗ ಬರುತ್ತದೆ. ಮೊದಲು ಕಡಲು, ಮೋಡ, ಭೇರಿಯಂಥ ಸದ್ದು, ನಡುವೆ ಶಂಖ, ಗಂಟೆ, ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿ. ದೊಡ್ಡದರಿಂದ ಸಣ್ಣದಕ್ಕೆ. ಇವೆಲ್ಲ ಸ್ಪೀಕರಿನಿಂದ ಬರುವುದಲ್ಲ, ಒಳಗೆ ಕೇಳುವುದು. ಆದರೆ ಪ್ಲೇಲಿಸ್ಟ್ ಜೋಡಿಸುವವರಿಗೂ ಆ ಕ್ರಮ ಉಪಯೋಗಕ್ಕೆ ಬರುತ್ತದೆ: ದಪ್ಪ ಸದ್ದು ಮೊದಲು, ತೆಳುವಾದದ್ದು ಆಮೇಲೆ.

ಇನ್ನು ಫೋನಿನ ಕಾಟ. ಒಮ್ಮೆ ಶವಾಸನದಲ್ಲಿ, ಆಹಾ ಅನ್ನುವ ಹೊತ್ತಿಗೆ, ಸಾಲದ ಜಾಹೀರಾತು ಕಿರುಚಿ ಎದೆ ಧಸಕ್ ಅಂದಿತ್ತು. ಅವತ್ತಿನಿಂದ ಎಲ್ಲವನ್ನೂ ಮೊದಲೇ ಡೌನ್‌ಲೋಡ್ ಮಾಡಿಕೊಂಡು ಏರೋಪ್ಲೇನ್ ಮೋಡ್ ಹಾಕುತ್ತೇನೆ. ಆಟೋಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಪಟ್ಟಿ ಮುಗಿದ ಮೇಲೆ ಅದು ತನಗೆ ತೋಚಿದ್ದನ್ನು ಹಾಕುತ್ತದೆ. ಎಲ್ಲ ಟ್ರ್ಯಾಕುಗಳೂ ಒಂದೇ ಮಟ್ಟದ ಸದ್ದಿನಲ್ಲಿ ಬರುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಸ್ಪೀಕರ್ ತಲೆಯ ಹತ್ತಿರ ಬೇಡ, ಕಾಲಿನ ಕಡೆ, ಸ್ವಲ್ಪ ದೂರ ಇಡಿ. ಮಲಗಿದಾಗ ಕಿವಿ ನೆಲದ ಹತ್ತಿರ ಬರುತ್ತದೆ, ನಿಂತಾಗ ಹಿತವಾಗಿದ್ದ ಸದ್ದು ಆಗ ಜೋರಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಸರ್ವಾಂಗಾಸನ ಮಾಡಲು ಹೋಗಬೇಡಿ, ಅದು ಬಿದ್ದರೆ ಕೈ ಅದನ್ನು ಹಿಡಿಯಲು ಹೋಗುತ್ತದೆ, ಕತ್ತಿನ ಮೇಲೆ ಭಾರ ಇರುವುದು ಆಗ ನೆನಪಿರುವುದಿಲ್ಲ.

ತರಗತಿ ನಡೆಸುವವರು, ವಿಡಿಯೋ ಹಾಕುವವರು ಒಂದು ಗಮನಿಸಿ. ಮಂತ್ರಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಒಬ್ಬರು ಹಾಡಿ ರೆಕಾರ್ಡ್ ಮಾಡಿದ್ದಕ್ಕೆ ಹಕ್ಕು ಇರುತ್ತದೆ. ನಿಮ್ಮ ಮ್ಯೂಸಿಕ್ ಆ್ಯಪಿನ ಚಂದಾ ಸಾಮಾನ್ಯವಾಗಿ ಸ್ವಂತಕ್ಕೆ ಕೇಳಲು ಮಾತ್ರ. ತಂಬೂರಿ ಮತ್ತು ನಿಮ್ಮ ದನಿಯಲ್ಲಿ ಮಂತ್ರ ಹೇಳಿದರೆ ಈ ತಲೆನೋವು ಬಹುಪಾಲು ತಪ್ಪುತ್ತದೆ.

ಕೊನೆಗೆ ಏಳಿಸುವ ಸದ್ದು. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಫೋನಿನ ಮಾಮೂಲಿ ಅಲಾರಂ ಇಟ್ಟು ಒಂದು ಗಂಟೆಯ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಹಾಳು ಮಾಡಿಕೊಳ್ಳುತ್ತಾರೆ. ಒಂದೇ ಸಲ ಬಾರಿಸಿ ನಿಧಾನ ಕರಗುವ ಗಂಟೆಯ ಸದ್ದು ಇಡಿ. ಅದು ಪೂರ್ತಿ ಕರಗುವ ತನಕ ಕಣ್ಣು ಬಿಡಬೇಡಿ. ಬಲಕ್ಕೆ ಹೊರಳಿ, ಕೈಯೂರಿ, ಕೂತ ಮೇಲೆ ಮೂರು ಸಲ ಶಾಂತಿಃ ಹೇಳಿ. ಪ್ರತಿ ಸಲವೂ ಮೊದಲಿನದಕ್ಕಿಂತ ಮೆಲ್ಲಗೆ, ಮೂರನೆಯದು ನಿಮಗೆ ಮಾತ್ರ ಕೇಳಿಸುವಷ್ಟು.